ನೆರವಿಗೆ ತ್ವರೆ, ತೀರ್ಪಿಗೆ ತಾಳ್ಮೆ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂಥ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಮಗನೋ ಮಗಳೋ, ಅಳಿಯನೋ ಸೊಸೆಯೋ, ಕಡೆಯ ಪಕ್ಷ ಒಬ್ಬ ಸೋದರಳಿಯನೋ ಸಮುದ್ರದಾಚೆಯ ದೇಶವೊಂದರಲ್ಲಿ ನೆಲೆಸಿರದ ಮನೆಯನ್ನು ಈಗ ಹುಡುಕಿಯೇ ಕಾಣಬೇಕು. ಆದಕಾರಣ ಲಂಡನ್ನಿನಲ್ಲಿಯೋ ಬ್ರಸೆಲ್ಸಿನಲ್ಲಿಯೋ ಭಯೋತ್ಪಾದಕರ ಕೃತ್ಯವೊಂದು ನಡೆಯಿತೆಂಬ ವಾರ್ತೆ ಟಿ.ವಿ. ಪರದೆಯ ಮೇಲೆ ಕಾಣಿಸಿಕೊಂಡೊಡನೆಯೇ, ಅದು ಪರದೇಶದ ಸಮಾಚಾರವಾಗಿ ಉಳಿಯದೆ ನಮ್ಮ ನಡುಮನೆಯ ಸಂಗತಿಯಾಗಿಬಿಡುತ್ತದೆ. ಮೊದಲು ಫೋನು, ಅತ್ತಲಿಂದ ‘ನಾವೆಲ್ಲ ಕ್ಷೇಮ’ ಎಂಬ ದನಿ ಕೇಳುವವರೆಗೆ ಉಸಿರು ಬಿಗಿಹಿಡಿದ ಕಾಲ, ಆಮೇಲೆ ಮಾತು. ಮೊದಲಿನ ಎರಡು ಘಟ್ಟಗಳಲ್ಲಿ ಮನುಷ್ಯರೆಲ್ಲರೂ ಒಂದೇ ಬಗೆ. ನಮ್ಮವರು ಕ್ಷೇಮವೆಂದು ತಿಳಿದ ಮೇಲೆ ನಾವು ಯಾರ ವಿಷಯವಾಗಿ ಏನು ಆಡುತ್ತೇವೆ, ಯಾರನ್ನು ಶಂಕಿಸುತ್ತೇವೆ, ಯಾವ ಮಾತನ್ನು ನಂಬಿ ಹತ್ತು ಮಂದಿಗೆ ದಾಟಿಸುತ್ತೇವೆ ಎಂಬ ಮೂರನೆಯ ಘಟ್ಟದಲ್ಲಿಯೇ ಪ್ರಜೆಯ ಸಂಸ್ಕಾರವೂ ಮುಖಂಡನ ಯೋಗ್ಯತೆಯೂ ಪರೀಕ್ಷೆಗೆ ಒಳಗಾಗುವುದು.

ಭಯೋತ್ಪಾದಕನಿಗೆ ತಾನು ಕೊಂದವರ ಮೇಲೆ ಸ್ವಂತದ ವೈರವೇನೂ ಇರುವುದಿಲ್ಲ. ರೈಲಿನಲ್ಲಿ ಕುಳಿತವರ, ಪ್ರಾರ್ಥನಾಮಂದಿರದಲ್ಲಿ ತಲೆಬಾಗಿದವರ ಹೆಸರು ಸಹ ಅವನಿಗೆ ತಿಳಿದಿರುವುದಿಲ್ಲ. ಅವನ ದೃಷ್ಟಿಯೆಲ್ಲ ಬದುಕಿ ಉಳಿದವರ ಮೇಲೆ. ಉಳಿದವರು ಹೆದರಬೇಕು, ಹೆದರಿದವರು ನೆರೆಯವನನ್ನು ಶಂಕಿಸಬೇಕು, ಶಂಕೆ ಬೀದಿಜಗಳವಾಗಬೇಕು, ಜಗಳವನ್ನು ಹತ್ತಿಕ್ಕುವ ನೆವದಲ್ಲಿ ಸರ್ಕಾರವು ನ್ಯಾಯದ ಮೇರೆಯನ್ನು ಮೀರಬೇಕು, ಹಾಗೆ ಮೀರಿದಾಗ ನೊಂದವರಲ್ಲಿ ಕೆಲವರಾದರೂ ತನ್ನ ಪಕ್ಷಕ್ಕೆ ಬಂದು ಸೇರಬೇಕು: ಇದು ಅವನ ಲೆಕ್ಕ. ಈ ಲೆಕ್ಕದಲ್ಲಿ ಸಿಡಿಮದ್ದು ಬರೆಯುವುದು ಮೊದಲಿನ ಸಾಲನ್ನು ಮಾತ್ರ. ಮಿಕ್ಕ ಸಾಲುಗಳನ್ನು ಬರೆಯಬೇಕಾದವರು ನಾವು. ಬರೆಯದೆ ಇರುವ ಸ್ವಾತಂತ್ರ್ಯವೂ ನಮ್ಮದೇ ಆಗಿದೆ. ಆ ಸ್ವಾತಂತ್ರ್ಯವನ್ನು ಬಳಸುವ ಕ್ರಮವೇನೆಂಬುದನ್ನು ನಮ್ಮ ಊರಿಗೇ ಸಂಬಂಧಿಸಿದ ಮೂರು ಪ್ರಸಂಗಗಳಿಂದ ತಿಳಿಯಬಹುದು.

2007ರ ಜೂನ್ 30ರಂದು, ಲಂಡನ್ನಿನಲ್ಲಿ ಸ್ಫೋಟಕ ತುಂಬಿದ್ದ ಎರಡು ಕಾರುಗಳು ಸಿಡಿಯದೆ ಪತ್ತೆಯಾದ ಮರುದಿನ, ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನನಿಲ್ದಾಣದ ಬಾಗಿಲಿಗೆ ಗ್ಯಾಸ್ ಸಿಲಿಂಡರುಗಳನ್ನು ಹೇರಿದ್ದ ಜೀಪೊಂದು ಬಂದು ಅಪ್ಪಳಿಸಿ ಹೊತ್ತಿ ಉರಿಯಿತು. ಅದನ್ನು ನಡೆಸಿದವನು ಕಫೀಲ್ ಅಹಮದ್. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದವನು. ಬಸವನಗುಡಿಗೆ ತೆಂಕಣ ನೆರೆಯಾದ ಬನಶಂಕರಿಯ ವೈದ್ಯ ದಂಪತಿಗಳ ಮಗ. ಮೈಯೆಲ್ಲ ಸುಟ್ಟು ಆಸ್ಪತ್ರೆ ಸೇರಿದ ಅವನು ಆಗಸ್ಟ್ 2ರಂದು ಸತ್ತ. ಅವನ ಹೊರತು ಮತ್ತಾರ ಪ್ರಾಣವೂ ಹೋಗಲಿಲ್ಲ. ಜೊತೆಯಲ್ಲಿದ್ದ ವೈದ್ಯ ಬಿಲಾಲ್ ಅಬ್ದುಲ್ಲಾನಿಗೆ ಕಡೆಯ ಪಕ್ಷ 32 ವರ್ಷ ಸೆರೆಯಲ್ಲಿರತಕ್ಕ ಜೀವಾವಧಿ ಶಿಕ್ಷೆ ಆಯಿತು. ಅಲ್ಲಿಯವರೆಗೆ ಪರದೇಶದ ಇಂಥ ಸುದ್ದಿಗಳಲ್ಲಿ ನೊಂದವರ ಪಟ್ಟಿಯನ್ನು ಮಾತ್ರ ಹುಡುಕುತ್ತಿದ್ದ ಬೆಂಗಳೂರು, ಈಗ ಮಾಡಿದವನ ವಿಳಾಸದಲ್ಲಿ ತನ್ನ ಹೆಸರನ್ನು ಕಂಡು ಬೆಚ್ಚಿತು.

ಈ ಕೃತ್ಯವಾದ ಎರಡು ದಿನಗಳಿಗೆ, ಜುಲೈ 2ರಂದು, ಆಸ್ಟ್ರೇಲಿಯದ ಬ್ರಿಸ್ಬೇನ್ ವಿಮಾನನಿಲ್ದಾಣದಲ್ಲಿ ಇನ್ನೊಬ್ಬ ಕನ್ನಡನಾಡಿನವರು ಬಂಧಿತರಾದರು. ಚಿಕ್ಕಮಗಳೂರು ಜಿಲ್ಲೆಯ ಮೂಲದವರೂ ಬೆಂಗಳೂರಿನಲ್ಲಿ ವೈದ್ಯಶಾಸ್ತ್ರ ಕಲಿತವರೂ ಆದ ಡಾ. ಮೊಹಮ್ಮದ್ ಹನೀಫ್, ಆ ದೇಶದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದು, ಬೆಂಗಳೂರಿನಲ್ಲಿ ಆಗತಾನೆ ಹುಟ್ಟಿದ್ದ ಮಗಳನ್ನು ನೋಡುವುದಕ್ಕೆಂದು ಹೊರಟಿದ್ದರು. ಅವರು ಕಫೀಲನ ದೂರದ ಬಂಧು. ಅದಕ್ಕೆ ಮೊದಲು ಬ್ರಿಟನ್ನಿನಲ್ಲಿದ್ದ ಅವರು, ಆ ದೇಶವನ್ನು ಬಿಡುವಾಗ ತಮ್ಮ ಫೋನಿನ ಸಿಮ್ ಕಾರ್ಡನ್ನು ಕಫೀಲನ ತಮ್ಮನಲ್ಲಿ ಬಿಟ್ಟು ಬಂದಿದ್ದರು. ಆಪಾದನೆಯೇ ಇಲ್ಲದೆ ಹನ್ನೆರಡು ದಿನ ಅವರನ್ನು ಇರಿಸಿಕೊಂಡ ಪೊಲೀಸರು, ಕಡೆಗೆ ಆ ಸಿಮ್ ಕಾರ್ಡಿನ ಆಧಾರದ ಮೇಲೆಯೇ ಭಯೋತ್ಪಾದಕರಿಗೆ ನೆರವಾದ ಆಪಾದನೆಯನ್ನು ಹೊರಿಸಿದರು. ಆ ಕಾರ್ಡು ಗ್ಲಾಸ್ಗೋದ ಜೀಪಿನಲ್ಲಿಯೇ ಸಿಕ್ಕಿತೆಂದು ನ್ಯಾಯಾಲಯದಲ್ಲಿ ಹೇಳಲಾಯಿತು. ವಾಸ್ತವದಲ್ಲಿ ಅದು ದೊರೆತದ್ದು ಅಲ್ಲಿಂದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಲಿವರ್‌ಪೂಲಿನಲ್ಲಿ. ಜುಲೈ 16ರಂದು ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರೆ, ಅದೇ ದಿನ ವಲಸೆ ಇಲಾಖೆಯ ಮಂತ್ರಿ ಕೆವಿನ್ ಆಂಡ್ರೂಸ್ ಅವರು ಹನೀಫರ ವೀಸಾವನ್ನೇ ರದ್ದುಗೊಳಿಸಿ, ಜಾಮೀನು ಸಿಕ್ಕಿದವರು ಸೆರೆಯಿಂದ ಹೊರಬರದಂತೆ ಮಾಡಿದರು.

ಆಮೇಲೆ ನಡೆದದ್ದು ಗಮನಾರ್ಹವಾದುದು. ಹನೀಫರ ವಕೀಲ ಸ್ಟೀಫನ್ ಕೀಮ್, ಪೊಲೀಸ್ ವಿಚಾರಣೆಯ ದಾಖಲೆಯನ್ನು ಪತ್ರಿಕೆಗೆ ಒದಗಿಸಿ, ಅಧಿಕಾರಿಗಳು ಹೇಳಿದ್ದಕ್ಕೂ ಹನೀಫರು ಹೇಳಿದ್ದಕ್ಕೂ ಇದ್ದ ಅಂತರವನ್ನು ಜನರ ಮುಂದಿಟ್ಟರು. ಪತ್ರಕರ್ತರು ಅದನ್ನು ಬೆನ್ನುಹತ್ತಿದರು. ಮುಖ್ಯ ಪ್ರಾಸಿಕ್ಯೂಟರರು ಕಡತವನ್ನು ತಾವೇ ಪರಿಶೀಲಿಸಿ ಜುಲೈ 27ರಂದು ಮೊಕದ್ದಮೆಯನ್ನು ಹಿಂತೆಗೆದರು. ಆಗಸ್ಟಿನಲ್ಲಿ ಫೆಡರಲ್ ನ್ಯಾಯಾಲಯವು ಮಂತ್ರಿಯ ಆಜ್ಞೆಯನ್ನು ತಳ್ಳಿಹಾಕಿತು. 2008ರಲ್ಲಿ ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕರ ವಿಚಾರಣಾ ವರದಿಯು ಹನೀಫರ ಮೇಲೆ ಯಾವ ಸಾಕ್ಷ್ಯವೂ ಇರಲಿಲ್ಲವೆಂದು ಸಾರಿತು. 2010ರಲ್ಲಿ ಆ ದೇಶದ ಸರ್ಕಾರ ಅವರಿಗೆ ಪರಿಹಾರ ಕೊಟ್ಟಿತು. ಭೀತಿಯ ಗಳಿಗೆಯಲ್ಲಿ ಮಂತ್ರಿಯೊಬ್ಬರು ತಪ್ಪುಮಾಡಿದರು. ಆ ತಪ್ಪನ್ನು ತಿದ್ದಿದವರು ತಮ್ಮ ತಮ್ಮ ಪೀಠದಲ್ಲಿ ಕುಳಿತು ತಮ್ಮ ಕರ್ತವ್ಯವನ್ನು ಮಾಡಿದ ಆ ದೇಶದವರೇ, ಅದೂ ಪರದೇಶದ, ಪರಧರ್ಮದ, ಪರಿಚಯವಿಲ್ಲದ ಒಬ್ಬ ವೈದ್ಯನಿಗಾಗಿ.

ಇಬ್ಬರು ಬಂಧುಗಳಲ್ಲಿ ಒಬ್ಬ ಅಪರಾಧಿ, ಇನ್ನೊಬ್ಬರು ನಿರಪರಾಧಿ. ಹೆಸರು, ಮತ, ಊರು, ವಂಶ ಇವೆಲ್ಲ ಹೆಚ್ಚುಕಡಮೆ ಒಂದೇ ಆಗಿದ್ದವರನ್ನು ಬೇರ್ಪಡಿಸಿ ತೋರಿಸಲು ಶಕ್ತವಾದದ್ದು ಸಾವಧಾನದ ವಿಚಾರಣೆ ಒಂದೇ. ‘ಆ ಜನವೇ ಹಾಗೆ’ ಎಂದವರು ಹನೀಫರ ವಿಷಯದಲ್ಲಿ ಎಡವಿದಂತೆ, ‘ನಮ್ಮ ಊರಿನ ಓದಿದ ಹುಡುಗ ಅಂಥದನ್ನು ಮಾಡಿರಲಾರ’ ಎಂದವರು ಕಫೀಲನ ವಿಷಯದಲ್ಲಿ ಎಡವಿದರು. ದ್ವೇಷದ ತೀರ್ಪೂ ಅವಸರದ್ದೇ, ಅಭಿಮಾನದ ತೀರ್ಪೂ ಅವಸರದ್ದೇ. ಆಗ ಪ್ರಧಾನಿಯಾಗಿದ್ದ ಮನಮೋಹನ ಸಿಂಗರು, ಆಪಾದಿತರ ತಾಯಂದಿರ ದುಃಖವನ್ನು ಟಿ.ವಿ.ಯಲ್ಲಿ ಕಂಡು ತಮಗೆ ನಿದ್ರೆ ಬರಲಿಲ್ಲವೆಂದು ಹೇಳಿದ್ದಕ್ಕಾಗಿ ಅನೇಕರ ಕಟುಟೀಕೆಗೆ ಗುರಿಯಾದರು. ಆದರೆ ಆಪಾದಿತರ ಮನೆಯಲ್ಲಿಯೂ ತಾಯಂದಿರಿದ್ದಾರೆಂದು ನೆನೆಯುವುದು ಅಪರಾಧವನ್ನು ಮನ್ನಿಸಿದಂತೆ ಆಗುವುದಿಲ್ಲ. ಅಪರಾಧ ಸಿದ್ಧವಾಗುವವರೆಗೆ ಶಿಕ್ಷೆ ಆರಂಭವಾಗಕೂಡದೆಂಬ ನಿಯಮವನ್ನು ನೆನೆದಂತೆ ಆಗುತ್ತದೆ.

ಎರಡನೆಯ ಪ್ರಸಂಗದಲ್ಲಿ ಬಾಂಬೂ ಇಲ್ಲ, ಬಂಧನವೂ ಇಲ್ಲ, ಬರಿಯ ಮಾತು. 2012ರ ಜೂನಿನಲ್ಲಿ ಬರ್ಮಾ ದೇಶದ ರಖೈನ್ ಪ್ರಾಂತ್ಯದಲ್ಲಿ, ಜುಲೈಯಲ್ಲಿ ಅಸ್ಸಾಮಿನ ಕೊಕ್ರಝಾರಿನಲ್ಲಿ ಹಿಂಸಾಚಾರಗಳು ನಡೆದುವು. ಅಲ್ಲಿಯವೆಂದೂ ಇಲ್ಲಿಯವೆಂದೂ ಹೆಸರು ಬದಲಿಸಿದ, ಕೃತ್ರಿಮವಾಗಿ ತಿದ್ದಿದ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ, ರಂಜಾನ್ ಮುಗಿದೊಡನೆ ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ಸೇಡು ತೀರಿಸಲಾಗುವುದೆಂಬ ವದಂತಿ ಹುಟ್ಟಿಕೊಂಡಿತು. ಸ್ವಾತಂತ್ರ್ಯದಿನದ ಸಂಜೆಯಿಂದ ಮೊದಲ್ಗೊಂಡು, ಸೆಕ್ಯೂರಿಟಿ ಗಾರ್ಡುಗಳು, ಹೋಟೆಲಿನ ಹುಡುಗರು, ಬ್ಯೂಟಿ ಪಾರ್ಲರುಗಳ ಹೆಣ್ಣುಮಕ್ಕಳು, ಕಾಲೇಜಿನ ವಿದ್ಯಾರ್ಥಿಗಳು ಸಾವಿರಗಟ್ಟಲೆಯಾಗಿ, ಚಾಮರಾಜಪೇಟೆಯಿಂದ ಹೆಚ್ಚು ದೂರವಿಲ್ಲದ ಸಿಟಿ ರೈಲ್ವೆ ನಿಲ್ದಾಣದಲ್ಲಿ ಗಂಟುಮೂಟೆಯೊಡನೆ ನೆರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರವು ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ಸುಗಳನ್ನು ಒಟ್ಟಿಗೆ ಕಳುಹಿಸಕೂಡದೆಂದು ಹದಿನೈದು ದಿನಗಳ ನಿರ್ಬಂಧ ಹಾಕಿತು. ಮಂತ್ರಿಗಳು ನಿಲ್ದಾಣಕ್ಕೆ ಹೋಗಿ ಬೇಡಿಕೊಂಡರು. ಮುಸ್ಲಿಂ ಮುಖಂಡರೂ ಬಂದು ‘ನಿಮಗೆ ನಮ್ಮಿಂದ ಯಾವ ಕೇಡೂ ಆಗದು’ ಎಂದು ಭರವಸೆ ಕೊಟ್ಟರು.

ಆದರೆ ಪ್ಲಾಟ್‌ಫಾರ್ಮಿನ ಮೇಲೆ ಕೊಟ್ಟ ಭರವಸೆ ತಡವಾದ ಭರವಸೆ. ಹೊರಡಲು ನಿಂತಿದ್ದವರಿಗೆ ಒಂದು ಎಸ್ಸೆಮ್ಮೆಸ್ಸು ಸತ್ಯವಾಗಿ ತೋರಿದ್ದು ಏತಕ್ಕೆಂದರೆ, ‘ಇದು ಸುಳ್ಳು, ನೀವು ಇಲ್ಲಿಯೇ ಇರಿ’ ಎಂದು ಹೇಳುವಷ್ಟು ಸಲಿಗೆಯ ನೆರೆಯವರು ಅವರಿಗೆ ಈ ಊರಿನಲ್ಲಿ ಹೆಚ್ಚಾಗಿ ಇರಲಿಲ್ಲ. ಗಣೇಶನ ಹಬ್ಬ, ರಂಜಾನ್ ಮೊದಲಾದವುಗಳ ಮುಂಚೆ ಪೊಲೀಸ್ ಠಾಣೆಗಳಲ್ಲಿ ಶಾಂತಿಸಭೆ ಕರೆಯುವ ವಾಡಿಕೆ ನಮ್ಮಲ್ಲುಂಟು; ಬೀದಿಯ ಹಿರಿಯರು ಒಬ್ಬರ ಮುಖವನ್ನೊಬ್ಬರು ಬಲ್ಲವರಾಗುವುದೇ ಆ ಸಭೆಯ ನಿಜವಾದ ಪ್ರಯೋಜನ. ಬಾಡಿಗೆ ಕೋಣೆಯಲ್ಲಿ ಬದುಕುವ ಹೊರನಾಡಿನ ಹುಡುಗನನ್ನೂ ಆ ಪರಿಚಯದೊಳಕ್ಕೆ ಸೇರಿಸಿಕೊಂಡ ಬೀದಿಯಲ್ಲಿ ವದಂತಿಗೆ ಕಾಲೂರಲು ಎಡೆಯಿರುವುದಿಲ್ಲ.

ಮೂರನೆಯದು ಶೋಕದ ಪ್ರಸಂಗ. 2019ರ ಏಪ್ರಿಲ್ 18ರಂದು ದಕ್ಷಿಣ ಕರ್ನಾಟಕದಲ್ಲಿ ಲೋಕಸಭೆಗೆ ಮತದಾನ ಮುಗಿಯಿತು. ವಾರಗಟ್ಟಲೆ ಬಿಸಿಲಿನಲ್ಲಿ ಪ್ರಚಾರ ಮಾಡಿ ಬಳಲಿದ್ದ ಜನತಾದಳದ ಕೆಲವು ಕಾರ್ಯಕರ್ತರು, ಬೆಂಗಳೂರು, ನೆಲಮಂಗಲ, ತುಮಕೂರು ಕಡೆಯವರು, ನಾಲ್ಕು ದಿನ ವಿಶ್ರಮಿಸಿಕೊಳ್ಳೋಣವೆಂದು ಕೊಲಂಬೊ ನಗರಕ್ಕೆ ಹೋದರು. ಏಪ್ರಿಲ್ 21, ಈಸ್ಟರ್ ಭಾನುವಾರ. ಮೂರು ಚರ್ಚುಗಳಲ್ಲಿಯೂ ಮೂರು ದೊಡ್ಡ ಹೋಟೆಲುಗಳಲ್ಲಿಯೂ ಆತ್ಮಾಹುತಿ ದಾಳಿಗಳು ನಡೆದು 250ಕ್ಕೂ ಹೆಚ್ಚು ಮಂದಿ ಮಡಿದರು. ಶಾಂಗ್ರಿಲಾ ಹೋಟೆಲಿನಲ್ಲಿ ಬೆಳಗಿನ ಉಪಾಹಾರದ ವೇಳೆಗೆ ಸತ್ತವರಲ್ಲಿ ನಮ್ಮ ಈ ಕಾರ್ಯಕರ್ತರಿದ್ದರು. ಕಾಸರಗೋಡು ಮೂಲದ ಒಬ್ಬ ಮುಸ್ಲಿಂ ಗೃಹಿಣಿಯೂ ಅದೇ ಹೋಟೆಲಿನಲ್ಲಿ ಪ್ರಾಣ ಬಿಟ್ಟರು. ಕೊಂದವನು ಯಾವ ಮತದ ಹೆಸರಿನಲ್ಲಿ ಕೊಂದೆನೆಂದನೋ ಆ ಮತದವರೇ ಸತ್ತವರ ಸಾಲಿನಲ್ಲಿಯೂ ಇದ್ದರೆಂಬ ಈ ಒಂದು ಸಂಗತಿ, ಸಮುದಾಯಗಳನ್ನು ಇಡಿಯಾಗಿ ಕಟಕಟೆಗೆ ನಿಲ್ಲಿಸುವವರ ವಾದಕ್ಕೆ ಸಾಕಾದ ಉತ್ತರ.

ಇಂಥ ವೇಳೆಯಲ್ಲಿ ಸರ್ಕಾರವು ಮಾಡತಕ್ಕ ಮೊದಲ ಕೆಲಸ ಖಂಡನೆಯ ಹೇಳಿಕೆಯಲ್ಲ, ನೊಂದ ಕುಟುಂಬಗಳಿಗೆ ನೆರವು. ಆಗ ವಿದೇಶಾಂಗ ಮಂತ್ರಿಗಳಾಗಿದ್ದ ಸುಷ್ಮಾ ಸ್ವರಾಜರೂ ಕೊಲಂಬೊದ ಭಾರತೀಯ ಹೈಕಮಿಷನ್ನಿನವರೂ ಖಚಿತವಾದ ಹೆಸರುಗಳನ್ನು ಒಂದೊಂದಾಗಿ ಪ್ರಕಟಿಸುತ್ತ ಬಂದರು, ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಅವರೊಡನೆ ಸಂಪರ್ಕವಿರಿಸಿಕೊಂಡರು. ಕೆಲವೇ ದಿನಗಳಲ್ಲಿ ಪಾರ್ಥಿವ ಶರೀರಗಳು ಬೆಂಗಳೂರಿಗೆ ಬಂದುವು. ಪರದೇಶದಿಂದ ಒಂದು ದೇಹವನ್ನು ತರುವುದೆಂದರೆ ಅಲ್ಲಿಯ ಮರಣಪತ್ರ, ಅಲ್ಲಿಯ ಪೊಲೀಸರ ಒಪ್ಪಿಗೆ, ದೇಹ ಕೆಡದಂತೆ ಸಂಸ್ಕರಿಸಿದ ದೃಢೀಕರಣ, ಪಾಸ್‌ಪೋರ್ಟನ್ನು ರದ್ದುಮಾಡಿಸುವುದು, ವಿಮಾನದ ಏರ್ಪಾಟು ಇಷ್ಟೂ ಆಗಬೇಕು. ದುಃಖದಲ್ಲಿ ಮುಳುಗಿದ ಕುಟುಂಬಕ್ಕೆ ಇದು ತಾನಾಗಿ ನಿಭಾಯಿಸುವಂಥದಲ್ಲ. ಇದಕ್ಕಾಗಿಯೇ ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯೂ, ದೂರು ಕೋರಿಕೆಗಳನ್ನು ಸಲ್ಲಿಸಲು 2015ರಿಂದ ‘ಮದದ್’ ಎಂಬ ಅಂತರ್ಜಾಲ ವ್ಯವಸ್ಥೆಯೂ ಇವೆ. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿರುವ ತಂದೆತಾಯಿಗಳು ಅಲ್ಲಿಯ ರಾಯಭಾರ ಕಚೇರಿಯ ತುರ್ತು ದೂರವಾಣಿ ಸಂಖ್ಯೆಯನ್ನೂ, ಮಕ್ಕಳ ಪಾಸ್‌ಪೋರ್ಟಿನ ಪ್ರತಿಯನ್ನೂ, ಅಲ್ಲಿಯ ಒಬ್ಬ ಸ್ನೇಹಿತನ ವಿಳಾಸವನ್ನೂ ಮೊದಲೇ ಬರೆದಿಟ್ಟುಕೊಳ್ಳುವುದು ಯುಕ್ತ.

ಶ್ರೀಲಂಕೆಯಲ್ಲಿ ಆಮೇಲೆ ಆದದ್ದು ವಿಷಾದಕರ. ದಾಳಿ ನಡೆದ ಮೂರನೆಯ ದಿನವೇ ರಕ್ಷಣಾ ಇಲಾಖೆಯ ರಾಜ್ಯಮಂತ್ರಿ ರುವಾನ್ ವಿಜೆವರ್ಧನ ಅವರು, ಇದು ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ 51 ಮಂದಿ ಮುಸಲ್ಮಾನರನ್ನು ಮಸೀದಿಗಳಲ್ಲಿ ಕೊಂದುದಕ್ಕೆ ಪ್ರತೀಕಾರವೆಂದು ಪಾರ್ಲಿಮೆಂಟಿನಲ್ಲಿ ಹೇಳಿಬಿಟ್ಟರು. ಅದಕ್ಕೆ ಬೇಕಾದ ಸಾಕ್ಷ್ಯ ಕಾಣಲಿಲ್ಲ. ಕೊಲಂಬೊದ ಕಾರ್ಡಿನಲ್ ಮಾಲ್ಕಂ ರಂಜಿತರು ಶಾಂತಿಯಿಂದಿರಬೇಕೆಂದು ಎಷ್ಟೋ ಕೇಳಿಕೊಂಡರೂ, ಮೇ ತಿಂಗಳಲ್ಲಿ ವಾಯವ್ಯ ಪ್ರಾಂತ್ಯದಲ್ಲಿ ಗುಂಪುಗಳು ಮುಸಲ್ಮಾನರ ಅಂಗಡಿಮನೆಗಳನ್ನು ಸುಟ್ಟುವು, ಬಡಗಿಯೊಬ್ಬನ ಕೊಲೆಯಾಯಿತು. ನ್ಯೂಜಿಲೆಂಡಿನಲ್ಲಾದರೋ ಪ್ರಧಾನಿ ಜೆಸಿಂಡಾ ಆರ್ಡರ್ನ್ ಅವರು ಕೊಲೆಗಾರನ ಹೆಸರನ್ನು ತಾವು ಉಚ್ಚರಿಸುವುದೇ ಇಲ್ಲವೆಂದು ಸಾರಿ, ನೊಂದವರ ನಡುವೆ ಹೋಗಿ ನಿಂತು, ಆ ಕೊಲೆಗಳಿಗೆ ಬಳಸಿದಂಥ ಬಂದೂಕುಗಳನ್ನು ನಿಷೇಧಿಸುವ ಶಾಸನವನ್ನು ತಿಂಗಳೊಳಗಾಗಿ ಜಾರಿಗೆ ತಂದರು. ಅಲ್ಲಿ ತ್ವರೆ ಕಾರ್ಯದಲ್ಲಿತ್ತು, ಸಂಯಮ ನಾಲಗೆಯಲ್ಲಿತ್ತು.

ನಾಲಗೆಯ ಅವಸರಕ್ಕೆ ಯೂರೋಪಿನಲ್ಲಿಯೂ ದೃಷ್ಟಾಂತಗಳುಂಟು. 2004ರ ಮಾರ್ಚ್ 11ರಂದು ಮ್ಯಾಡ್ರಿಡ್ಡಿನ ರೈಲುಗಳಲ್ಲಿ ಬಾಂಬುಗಳು ಸಿಡಿದು 190ಕ್ಕೂ ಹೆಚ್ಚು ಜನ ಸತ್ತಾಗ, ಮೂರು ದಿನಗಳಲ್ಲಿ ಚುನಾವಣೆಯನ್ನು ಎದುರಿಸಬೇಕಾಗಿದ್ದ ಅಲ್ಲಿಯ ಸರ್ಕಾರ, ಇದು ಬಾಸ್ಕ್ ಪ್ರತ್ಯೇಕತಾವಾದಿಗಳ ಕೃತ್ಯವೆಂದು ಹಟ ಹಿಡಿದು ಸಾಧಿಸಿತು. ಸಾಕ್ಷ್ಯಗಳು ಬೇರೆ ದಿಕ್ಕಿಗೆ ಕೈಮಾಡುತ್ತಿದ್ದುದನ್ನು ಕಂಡ ಪ್ರಜೆಗಳು ಮತಪೆಟ್ಟಿಗೆಯ ಬಳಿ ಆ ಸರ್ಕಾರವನ್ನೇ ಇಳಿಸಿದರು. 2011ರ ಜುಲೈ 22ರಂದು ನಾರ್ವೆಯಲ್ಲಿ 77 ಮಂದಿ ಹತರಾದಾಗ, ಮೊದಲಿನ ಕೆಲವು ಗಂಟೆ ಜಗತ್ತಿನ ಪಂಡಿತರು ಹಲವರು ಬೆರಳು ತೋರಿಸಿದ್ದು ಇಸ್ಲಾಮಿನ ಉಗ್ರರ ಕಡೆಗೆ. ಕೊಲೆಗಾರನೋ ಮುಸಲ್ಮಾನರ ವಲಸೆಯನ್ನು ದ್ವೇಷಿಸುತ್ತಿದ್ದ ಅದೇ ನಾಡಿನ ಬಿಳಿಯ ತರುಣ.

ಇಷ್ಟು ಕೇಳಿದವರು, ಈ ತಾಳ್ಮೆಯೆಂಬುದು ದುರ್ಬಲರ ಉಪಾಯವಲ್ಲವೆ, ಶತ್ರು ಎಚ್ಚರವಾಗಿರುವಾಗ ನಾವು ತೂಕಡಿಸುವುದಲ್ಲವೆ, ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳುಂಟು, ಅದಕ್ಕೆ ಉತ್ತರವೂ ಶ್ರೀಲಂಕೆಯಲ್ಲಿಯೇ ಉಂಟು. ದಾಳಿಯಾಗಬಹುದೆಂಬ ಮುನ್ಸೂಚನೆಯನ್ನು ಭಾರತವು ಏಪ್ರಿಲ್ 4ರಷ್ಟು ಮುಂಚೆಯೇ ಆ ದೇಶಕ್ಕೆ ತಲಪಿಸಿತ್ತು. ಅಧ್ಯಕ್ಷರಿಗೂ ಪ್ರಧಾನಿಗೂ ಇದ್ದ ವೈಮನಸ್ಯದಲ್ಲಿ, ಪ್ರಧಾನಿಯನ್ನು ರಾಷ್ಟ್ರೀಯ ಭದ್ರತಾ ಸಭೆಗಳಿಗೆ ಕರೆಯುವುದೇ ನಿಂತುಹೋಗಿದ್ದ ಆ ಸರ್ಕಾರದಲ್ಲಿ, ಆ ಸೂಚನೆ ಕಡತದಲ್ಲಿಯೇ ಉಳಿಯಿತು. 2023ರ ಜನವರಿಯಲ್ಲಿ ಆ ದೇಶದ ಸುಪ್ರೀಂ ಕೋರ್ಟು, ಅಧ್ಯಕ್ಷರಾಗಿದ್ದ ಮೈತ್ರಿಪಾಲ ಸಿರಿಸೇನರು ನೊಂದವರಿಗಾಗಿ ಸ್ವಂತ ಹಣದಿಂದ 10 ಕೋಟಿ ಶ್ರೀಲಂಕಾ ರೂಪಾಯಿ ತೆರತಕ್ಕದ್ದೆಂದು ಆಜ್ಞೆ ಮಾಡಿದ್ದು ಈ ಅಲಕ್ಷ್ಯಕ್ಕಾಗಿಯೇ. ಎಚ್ಚರಿಕೆ ಬಂದಾಗ ನಿಧಾನ, ಅನಾಹುತವಾದ ಮೇಲೆ ಆವೇಶ: ಇದು ವಿವೇಕದ ಕ್ರಮವನ್ನು ತಲೆಕೆಳಗು ಮಾಡಿದಂತೆ. ಮೈಗೆ ಜ್ವರ ಬಂದಾಗ ವೈದ್ಯನಲ್ಲಿಗೆ ಓಡಬೇಕು, ಆದರೆ ವೈದ್ಯನು ಓಡುತ್ತ ಓಡುತ್ತ ರೋಗವನ್ನು ನಿರ್ಣಯಿಸಬಾರದಷ್ಟೆ.

ಬೆಂಗಳೂರಿನಲ್ಲಿಯೇ ಸರಿಯಾದ ಕ್ರಮವೊಂದು ನಡೆದದ್ದನ್ನೂ ಇಲ್ಲಿ ಸ್ಮರಿಸಬೇಕು. ಈಸ್ಟರ್ ದಾಳಿಯಾದ ಐದು ದಿನಗಳಿಗೆ, ದಕ್ಷಿಣದ ರಾಜ್ಯಗಳ ರೈಲುಗಳಲ್ಲಿ ಬಾಂಬು ಸಿಡಿಯಲಿದೆಯೆಂದು ನಗರದ ಪೊಲೀಸರಿಗೆ ಒಂದು ಕರೆ ಬಂದಿತು. ರಾಜ್ಯದ ಪೊಲೀಸ್ ಮುಖ್ಯಸ್ಥರು ಅದನ್ನು ಒಡನೆಯೇ ನೆರೆಯ ರಾಜ್ಯಗಳಿಗೆ ತಿಳಿಸಿದರು. ಜೊತೆಜೊತೆಯಲ್ಲಿಯೇ ಕರೆ ಮಾಡಿದವನನ್ನು ಹುಡುಕಿದರು. ಅವನೊಬ್ಬ ನಿವೃತ್ತ ಸೈನಿಕ, ಹೇಳಿದ್ದೆಲ್ಲ ಸುಳ್ಳು, ಬಂಧಿತನಾದ. ಎಚ್ಚರಿಕೆಯನ್ನು ಕ್ಷಣವೂ ತಡೆಯದೆ ದಾಟಿಸುವುದಕ್ಕೂ ಅದರ ನಿಜವನ್ನು ಶೋಧಿಸುವುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಇದು ನಿದರ್ಶನ. ಪ್ರಜೆಗೂ ಇದೇ ಮಾರ್ಗ: ಅನುಮಾನದ ವಸ್ತುವನ್ನೋ ಸುದ್ದಿಯನ್ನೋ ಕಂಡರೆ ಪೊಲೀಸರಿಗೆ ಆ ಕ್ಷಣವೇ ತಿಳಿಸುವುದು, ವಾಟ್ಸಾಪಿನ ಬಂಧುಬಳಗಕ್ಕೆ ಫಾರ್ವರ್ಡ್ ಮಾಡದಿರುವುದು, ಸತ್ತವರ ಛಿದ್ರದೇಹಗಳ ಚಿತ್ರಗಳನ್ನು ಯಾರಿಗೂ ದಾಟಿಸದಿರುವುದು, ಪಕ್ಕದ ಬೀದಿಯ ಅಂಗಡಿಯವನು ಆ ವಾರವೂ ಎಂದಿನಂತೆ ವ್ಯಾಪಾರ ಮಾಡುವನೋ ಇಲ್ಲವೋ ಎಂದು ಗಮನಿಸಿ, ಬೇಕಾಗಿಯೇ ಅವನ ಅಂಗಡಿಗೆ ಹೋಗಿ ಬರುವುದು.

ಈ ಕೊನೆಯ ಮಾತು ಉದಾರಬುದ್ಧಿಯಿಂದ ಮಾತ್ರ ಹೇಳಿದ್ದಲ್ಲ, ಸ್ವಹಿತವೂ ಇದರಲ್ಲಿದೆ. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಗೋಪುರಗಳು ಉರುಳಿದ ನಾಲ್ಕು ದಿನಗಳಿಗೆ, ಅರಿಜೋನಾದಲ್ಲಿ ಬಲಬೀರ್ ಸಿಂಗ್ ಸೋಧಿ ಎಂಬ ಸಿಖ್ಖರು, ತಮ್ಮ ಪೆಟ್ರೋಲ್ ಬಂಕಿನ ಮುಂದೆ, ಪೇಟವನ್ನೂ ಗಡ್ಡವನ್ನೂ ಕಂಡು ಕೆರಳಿದವನ ಗುಂಡಿಗೆ ಬಲಿಯಾದರು. ಅವಸರದ ಕೋಪಕ್ಕೆ ಮೈಬಣ್ಣ, ಗಡ್ಡ, ಉಡುಪುಗಳ ಹೊರತು ಬೇರೆ ಸಾಕ್ಷ್ಯ ಬೇಕಾಗುವುದಿಲ್ಲ; ಆ ಕೋಪದ ಕಣ್ಣಿಗೆ ಮಲ್ಲೇಶ್ವರದಿಂದ ಹೋದ ಹುಡುಗನೂ ಮತ್ತೆಲ್ಲಿಯವನೋ ಆದ ಅಪರಾಧಿಯೂ ಒಂದೇ ಆಗಿ ಕಾಣಬಹುದು. ಹೊರದೇಶದ ಜನ ನಮ್ಮ ಮಕ್ಕಳ ವಿಷಯದಲ್ಲಿ ಯಾವ ತಾಳ್ಮೆಯನ್ನು ತೋರಬೇಕೆಂದು ನಾವು ಬಯಸುತ್ತೇವೆಯೋ ಅದನ್ನು ನಮ್ಮ ಬೀದಿಯಲ್ಲಿ ನಾವು ತೋರಿಸಿದಾಗಲೇ ಬಯಸುವ ಅಧಿಕಾರ ನಮಗೆ ಬರುತ್ತದೆ.

ಮಲ್ಲೇಶ್ವರಕ್ಕೆ ಅವಸರದ ಮಾತಿನ ಅನುಭವವೂ ಹೊಸದಲ್ಲ. 2013ರ ಏಪ್ರಿಲ್ 17ರಂದು, ವಿಧಾನಸಭಾ ಚುನಾವಣೆಗೆ ಮೂರು ವಾರವೂ ಇರದಿದ್ದಾಗ, ಅಲ್ಲಿಯ ಭಾರತೀಯ ಜನತಾ ಪಕ್ಷದ ಕಚೇರಿಯ ಸಮೀಪ ಮೋಟಾರು ಸೈಕಲ್ಲಿನಲ್ಲಿಟ್ಟ ಬಾಂಬು ಸಿಡಿದು ಪೊಲೀಸರೂ ದಾರಿಹೋಕರೂ ಗಾಯಗೊಂಡರು. ಗಾಯಾಳುಗಳು ಆಸ್ಪತ್ರೆ ಸೇರಿದ ದಿನವೇ, ಇದರಿಂದ ಯಾವ ಪಕ್ಷಕ್ಕೆ ಲಾಭವೆಂಬ ಲೆಕ್ಕಾಚಾರವನ್ನು ರಾಜಕಾರಣಿಯೊಬ್ಬರು ಬಹಿರಂಗವಾಗಿಯೇ ಮಾಡಿದರು. ಅವರೊಬ್ಬರನ್ನು ದೂಷಿಸಿ ನಾವು ನಿಶ್ಚಿಂತರಾಗುವಂತಿಲ್ಲ. ದುರಂತದ ಗಳಿಗೆಯಲ್ಲಿ ಮೊದಲು ಗಟ್ಟಿಯಾಗಿ ಕೂಗಿದವನಿಗೆ ಚಪ್ಪಾಳೆ ತಟ್ಟಿ, ‘ವಿಷಯ ಖಚಿತವಾಗುವವರೆಗೆ ಕಾಯಿರಿ’ ಎಂದವನನ್ನು ಹೇಡಿಯೆಂದು ಜರೆಯುವ ಶ್ರೋತೃಗಳು ಇರುವವರೆಗೆ, ಮುಖಂಡರು ಕೂಗುವುದನ್ನೇ ಕಲಿಯುವರು.

ಪ್ರಜಾಪ್ರಭುತ್ವದಲ್ಲಿ ಸಾರ್ವಜನಿಕ ವಿಚಾರಗಳನ್ನು ತೂಗಿ ನೋಡುವ ಶಿಕ್ಷಣ ಪ್ರಜೆಗೆ ಅತ್ಯಗತ್ಯವೆಂಬ ನಂಬಿಕೆಯಿಂದ ಡಿ.ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಅದು ಇಂದಿಗೂ ಇದೆ. ಆ ಶಿಕ್ಷಣಕ್ಕೆ ಪರದೇಶದ ಭಯೋತ್ಪಾದನೆಗಿಂತ ಕಠಿನವಾದ ಪಾಠ ಇನ್ನೊಂದಿಲ್ಲ; ಏತಕ್ಕೆಂದರೆ ಅಲ್ಲಿಯ ವಾಸ್ತವವನ್ನು ಶೋಧಿಸುವ ಶಕ್ತಿ ನಮಗಿರುವುದಿಲ್ಲ, ಇಲ್ಲಿ ಮಾತನಾಡುವ ಸೌಕರ್ಯ ಮಾತ್ರ ಯಥೇಚ್ಛವಾಗಿರುತ್ತದೆ. ಆದುದರಿಂದ ಮುಂದಿನ ಸಲ ಮತ ಕೇಳಲು ಬರುವವರನ್ನು, ರಸ್ತೆ ನೀರುಗಳ ವಿಷಯ ಕೇಳಿದ ಮೇಲೆ, ಇದನ್ನೂ ಕೇಳಬೇಕು: ಕೊಲಂಬೊ ನಗರದಲ್ಲಿ ನಮ್ಮವರು ಸತ್ತಾಗ ನೀವು ಯಾರ ಮನೆಗೆ ಹೋದಿರಿ, ಏನು ಏರ್ಪಾಟು ಮಾಡಿದಿರಿ, ಯಾರ ಮೇಲೆ ಅಪವಾದ ಹೊರಿಸಿದಿರಿ, ಅದು ಸುಳ್ಳೆಂದು ತಿಳಿದ ಮೇಲೆ ಹಿಂತೆಗೆದಿರಾ? ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದೀತೆಂದು ಬಲ್ಲ ಮುಖಂಡನು ಮೈಕಿನ ಮುಂದೆ ಬಾಯಿ ತೆರೆಯುವ ಮುನ್ನ ಒಂದು ಸಲ ಯೋಚಿಸುವನು.